ಮೂಕ ಕಪ್ಪೆಯ ಮಳೆಗಾಲ

ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ ಮೆಣಸಿನಕಾಯಿಯ ಘಾಟು ಬಡಿದರೆ ಊರು ನೆನಪಾಗಬೇಕು ಎಂದು ಎಲ್ಲರೂ ತಿಳಿದಿರುತ್ತಾರೆ. ನನಗೆ ಘಾಟಿನಿಂದ ಬರುವುದು ಸೀನು. ನೆನಪು ಬರುವುದು ದನ ತುಳಿದ ಕೆಂಪು ಮಸಾರಿ ಮಣ್ಣಿನ ವಾಸನೆಯಿಂದ. ಈ ಸಲ ಜೂನಿನಲ್ಲಿ ಮಿರಗದ ಮಳೆ ಬಿದ್ದ ಮರುದಿನ ಮನೆಯವರೆಲ್ಲ ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೋಗಿದ್ದೆವು. ಬರುವಾಗ ರಸ್ತೆಗೆ ಅಡ್ಡವಾಗಿ ಎಮ್ಮೆಗಳು ಬಂದವು, ಕಾರು ನಿಂತಿತು, ಕಿಟಕಿ ಇಳಿಸಿದೆ. ಕೆಂಪು ಕೆಸರಿನ ವಾಸನೆ ಒಳಗೆ ಬಂತು. ಅದರ ಹಿಂದೆಯೇ ಪಕ್ಕದ ತಗ್ಗಿನಿಂದ ಒಂದು ಸಣ್ಣ ದನಿ, ತೆಳ್ಳಗೆ ಎಳೆದಂತೆ ಕೇಳಿಸಿತು. ನನ್ನ ಗಂಡ, "ಏನ ಕೇಳಾಕತ್ತೀ?" ಅಂದರು. ಹೇಳಲು ಹೋದರೆ ಮನೆ ಮುಟ್ಟುವುದರೊಳಗೆ ಮುಗಿಯುವ ಕಥೆಯಲ್ಲ, ಅದಕ್ಕೆ ಸುಮ್ಮನಾದೆ. ಇಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಳೆಗಾಲ ಅದು. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ನಮ್ಮ ಬಯಲಿನ ಸಣ್ಣ ಬಾಯಿಯ ಕಪ್ಪೆಗಳು. ಪೂರ್ತಿ ಬೆಳೆದರೂ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು, ಅಷ್ಟೆ. ವರ್ಷದ ಬಹುಭಾಗ ಮಣ್ಣಿನೊಳಗೆ ಅಡಗಿದ್ದು, ಒಳ್ಳೆಯ ಮಳೆ ಬಿದ್ದ ಸಂಜೆ ಹೊರಬಂದು, ನಾಲ್ಕಾರು ದಿನ ಕೂಗಿ, ಮೊಟ್ಟೆಯಿಟ್ಟು ಮತ್ತೆ ಮಾಯವಾಗುತ್ತವೆ. ಇವುಗಳಲ್ಲಿ ಅಕ್ಕತಂಗಿಯರಂಥ ಜಾತಿಗಳು ಹಲವು. ಮೂತಿ, ಕಾಲು, ಬೆನ್ನ ಮೇಲಿನ ಗುರುತು ಎಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಇರುತ್ತವೆ. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯ ಒಂದು ಹೊಂಡದಲ್ಲಿ ಇಂಥ ಎರಡು ಜಾತಿ ಒಟ್ಟಿಗೇ ಇವೆ ಎಂಬ ಅನುಮಾನ ನನಗೆ ಹಿಂದಿನ ವರ್ಷದಿಂದಲೇ ಹತ್ತಿತ್ತು. ಅನುಮಾನಕ್ಕೆ ಯಾರೂ ಡಿಗ್ರಿ ಕೊಡುವುದಿಲ್ಲ.

ನನ್ನ ಮಾರ್ಗದರ್ಶಕಿ ಮೇಡಂ ಮೈಸೂರು ಕಡೆಯವರು. ಮಾತು ಮೆತ್ತಗೆ, ತೀರ್ಮಾನ ಕಲ್ಲು. ನನ್ನ ಅವಧಿಯನ್ನು ಅದಾಗಲೇ ಒಮ್ಮೆ ವಿಸ್ತರಿಸಿಕೊಟ್ಟಿದ್ದರು. ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ತಮ್ಮ ಕೋಣೆಗೆ ಕರೆದು ಹೇಳಿದರು: "ನೋಡಿ ಶೈಲಾ, ಈ ಮಳೆಗಾಲ ಮುಗಿಯೋದ್ರೊಳಗೆ ಒಂದೋ ಎರಡೋ ಅಂತ ತೋರಿಸಬೇಕು. ತೋರಿಸೋಕೆ ಆಗಲಿಲ್ಲ ಅಂದ್ರೆ ರಿಜಿಸ್ಟ್ರೇಷನ್ ಮುಗಿದುಹೋಗುತ್ತೆ. ನಾನು ಮತ್ತೆ ಕೇಳೋ ಹಾಗಿಲ್ಲ." ಕೆಳಗಿಳಿದು ಬಂದು ಬಸ್ಸಿನಲ್ಲಿ ಕುಳಿತು, ಕಳೆದ ಮಳೆಗಾಲಗಳನ್ನು ಬೆರಳು ಮಡಿಸಿ ಎಣಿಸಿದೆ. ಆರು ಮಳೆಗಾಲದ ಕೆಸರು ನೀರಿಗೆ ಹೋಗುವುದು ಎಂದರೆ ಸಣ್ಣ ಮಾತಲ್ಲ.

ಅವ್ವನಿಗೆ ಇದೆಲ್ಲ ನಗೆಪಾಟಲು. "ಕೈ ಕೆಸರಾದರ ಬಾಯಿ ಮೊಸರು ಅಂತಾರ. ನಿಂದು ಮೈಯೆಲ್ಲಾ ಕೆಸರಾತು, ಮೊಸರು ಮಾತ್ರ ಕಾಣವಲ್ದು" ಅನ್ನುತ್ತಿದ್ದಳು. ನಕ್ಕರೂ ಷರತ್ತು ಹಾಕದೆ ಬಿಡುತ್ತಿರಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಹೊಲದ ಕಡೆ ಒಬ್ಬಳೇ ಹೋಗಕೂಡದು, ಫಕೀರಪ್ಪ ಕಾಕಾ ಜೊತೆಗಿರಬೇಕು.

ಫಕೀರಪ್ಪ ಕಾಕಾ ಅಪ್ಪನ ತಮ್ಮ. ಬ್ಯಾಡಗಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸ. ರೈತರು ತಂದ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು, ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾನೆ. ಆಮೇಲೆ ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾನೆ. ಒಣಗಿದ ಕಾಯಿಯೊಳಗೆ ಬೀಜ ಗಲಗಲ ಅನ್ನುತ್ತದೆ, ಹಸಿ ಉಳಿದಿದ್ದರೆ ಸದ್ದಿಲ್ಲ. ಹಸಿ ಕಾಯಿ ಕೋಲ್ಡ್ ಸ್ಟೋರೇಜಿಗೆ ಹೋದರೆ ಕೆಟ್ಟಂತೆಯೇ. ತೇವ ಅಳೆಯುವ ಯಂತ್ರ ಬಂದ ಮೇಲೂ ಆ ಅಂಗಡಿಯಲ್ಲಿ ಕಾಕಾನ ಮಾತೇ ಮಾತು. ಆದರೆ ಆ ಬೇಸಿಗೆಯಲ್ಲಿ ಅವನು ಒಣಗಿದೆ ಎಂದು ಬಿಟ್ಟ ಮಾಲು ಎರಡು ಸಲ ಬೂಸ್ಟು ಹಿಡಿದು ಹೊರಬಂದಿತ್ತು. ಅಂಗಡಿಯ ಸಾವಕಾರರು ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಪೇಟೆಯ ಮಂದಿ ಮಾತ್ರ, ಫಕೀರಪ್ಪ ರೈತರ ಕೈಯಿಂದ ಏನೋ ತಗೊಂಡು ಕಣ್ಣು ಮುಚ್ಚಿದ ಎಂದು ಗುಸುಗುಸು ಆಡಿತ್ತು. ಕಾಕಾನ ಮುಖ ಆ ಮಳೆಗಾಲ ಪೂರ್ತಿ ಗಂಟು ಹಾಕಿಕೊಂಡೇ ಇತ್ತು. ಸುಗ್ಗಿ ಮುಗಿದಿತ್ತು, ಪೇಟೆಗೆ ಹೋಗಲು ಮನಸ್ಸೂ ಇರಲಿಲ್ಲ. ಮೋಟರ್ ಸೈಕಲ್ ಹೊರಗೆ ತೆಗೆದು, "ಕುಂದ್ರು ನಡಿ, ತಕ್ಕಡಿಯೊಳಗ ಕಪ್ಪಿ ತೂಗೂಣು" ಅಂದ.

ಮಿರಗದ ಮಳೆ ಒಳ್ಳೆಯದೇ ಬಿತ್ತು. ಕದರಮಂಡಲಗಿ ದಾರಿಯ ಹೊಂಡದಲ್ಲೂ, ಅಗಡಿ ಹತ್ತಿರದ ಕಪ್ಪು ಎರೆ ಹೊಲದ ಬದುವಿನ ನೀರಲ್ಲೂ ಕಪ್ಪೆ ಹಿಡಿದೆವು. ಅಗಡಿಯವು ಕಪ್ಪಗೆ, ಇಲ್ಲಿನವು ಕೆಂಪಗೆ. ಇಲ್ಲಿನವುಗಳಲ್ಲೇ ಕಡುಗೆಂಪು ಕೆಲವು, ತಿಳಿಗೆಂಪು ಕೆಲವು. ಕಾಕಾ ಒಂದೊಂದನ್ನೂ ಅಂಗೈಯ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದ.

"ಇದು ಬ್ಯಾರೆ. ಇದು ಬ್ಯಾರೆ. ಇವೆರಡೂ ಒಂದ. ಬಣ್ಣ ಸುಳ್ಳ ಹೇಳಂಗಿಲ್ಲವ್ವ ಶೈಲಾ."

ನಾನು ತಲೆಯಾಡಿಸಿದೆ. ಬ್ಯಾಡಗಿಯವರು ಬಣ್ಣವನ್ನು ನಂಬಿ ಬದುಕಿದವರು. ಎಂಥ ಕಾಯಿ ಎಂದು ಮೊದಲು ಹೇಳುವುದು ಬಣ್ಣ, ಊರಿಗೆ ಹೆಸರು ತಂದದ್ದೂ ಬಣ್ಣ. ಬೇರೆ ಊರಿನ ಹುಡುಗಿಯಾಗಿದ್ದರೆ ಇಷ್ಟು ಬೇಗ ಒಪ್ಪುತ್ತಿರಲಿಲ್ಲವೇನೋ. ಕಾಕಾ ವಿಂಗಡಿಸಿದ ಹಾಗೆಯೇ ಡಬ್ಬಿಗಳಿಗೆ ಚೀಟಿ ಅಂಟಿಸಿ, ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಸಂಜೆ ಒಂದೇ ಸಾಲಿನ ಉತ್ತರ ಬಂತು: ಮಣ್ಣು ಬದಲಿಸಿ ನೋಡಿ.

ಕೆಂಪು ಕಪ್ಪೆಯನ್ನು ಎರೆ ಮಣ್ಣಿನ ಬುಟ್ಟಿಯಲ್ಲಿಟ್ಟೆ, ಕಪ್ಪನೆಯದನ್ನು ಮಸಾರಿಯಲ್ಲಿಟ್ಟೆ. ವಾರ ಕಳೆಯುವುದರೊಳಗೆ ಕೆಂಪನೆಯದು ಮಸಿ ಬಳಿದಂತೆ ಮಂಕಾಯಿತು, ಕಪ್ಪನೆಯದರ ಬೆನ್ನು ತಿಳಿಯಾಯಿತು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಾಕಾ ಬಹಳ ಹೊತ್ತು ನೋಡಿದ. "ಕಪ್ಪಿಗೇನು, ಕೂತ ಮಣ್ಣ ಅದರ ಜಾತಿ" ಎಂದು ಎದ್ದುಹೋದ. ಅವನಿಗೆ ಅವಮಾನವಾಗಿತ್ತು. ನನಗೆ ಹೆದರಿಕೆ. ಮಳೆಗಾಲದ ಮೊದಲ ಪಾಲು ಹೋಗಿತ್ತು, ನನ್ನ ಎಲ್ಲ ಡಬ್ಬಿಗಳೂ ಕಲಬೆರಕೆಯಾಗಿದ್ದವು.

ಉಳಿದದ್ದು ದನಿ. ಗಂಡು ಕಪ್ಪೆ ಹೆಣ್ಣನ್ನು ಕರೆಯುವ ಕೂಗು ಜಾತಿ ಜಾತಿಗೂ ಬೇರೆ, ಅದು ಮಣ್ಣಿನಿಂದ ಬದಲಾಗುವುದಿಲ್ಲ. ಆ ಹೊಂಡದಲ್ಲಿ ನನಗೆ ಎರಡು ದನಿ ಕೇಳುತ್ತಿದ್ದವು. ಒಂದು, ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದಂತೆ ಟರ್ರ್ ಟರ್ರ್. ಇನ್ನೊಂದು ಸಣ್ಣದು, ಚೂಪಾದದ್ದು, ಜೀರುಂಡೆಯ ಹಾಗೆ ಎಳೆಯುವುದು. ಎರಡನ್ನೂ ರೆಕಾರ್ಡ್ ಮಾಡಿ ಕಳಿಸಿದೆ. ಮೇಡಂ ಫೋನ್ ಮಾಡಿದರು.

"ಎರಡನೇದು ಜೀರುಂಡೆ ಅಲ್ಲ ಅಂತ ಹೇಗೆ ಹೇಳ್ತೀರಿ? ಕೂಗೋವಾಗ ಕಪ್ಪೆಯ ಗಂಟಲು ಉಬ್ಬೋದನ್ನ ನೋಡಿದೀರಾ?"

ನೋಡಿರಲಿಲ್ಲ. ಆ ದನಿಯ ಹತ್ತಿರ ಒಂದು ಹೆಜ್ಜೆ ಇಟ್ಟರೆ ಸಾಕು, ಅದು ನಿಲ್ಲುತ್ತಿತ್ತು. ನನ್ನ ಕಣ್ಣಿಗೆ ಹುಲ್ಲು, ಕೆಸರು, ದನದ ಗೊರಸಿನ ಕುಳಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾಕಾನನ್ನು ಕೇಳಿದರೆ, "ಎಲ್ಲಿ ಎರಡು? ಒಂದ ದನಿ ಐತಿ. ನೀ ಓದಿ ಓದಿ ಕಿವಿಯೊಳಗ ಹುಳಾ ಬಿಟ್ಕೊಂಡೀ" ಅಂದ. ಸಿಟ್ಟು ಬಂತು. ಬಣ್ಣದ ವಿಷಯದಲ್ಲಿ ಸೋತದ್ದಕ್ಕೆ ಬೇಕೆಂದೇ ಅಡ್ಡ ಹೇಳುತ್ತಾನೆ ಅನ್ನಿಸಿತು. ಬರುವಾಗ ಅವನ ಹೆಗಲು ಹಿಡಿಯದೆ, ಗಾಡಿಯ ಹಿಂದಿನ ಕಂಬಿ ಹಿಡಿದು ಕುಳಿತೆ.

ಆಮೇಲೆ ಮಳೆ ಕೈಕೊಟ್ಟಿತು. ಪುಷ್ಯ ಹೋಯಿತು, ಆಶ್ಲೇಷ ಹೋಯಿತು. ಮೋಡ ಬರುವುದು, ಗಾಳಿಗೆ ಹಾವೇರಿ ಕಡೆ ಸರಿದುಹೋಗುವುದು. ಹೊಂಡ ಬತ್ತಿ ತಳದ ಕೆಸರು ಬಿರುಕು ಬಿಟ್ಟಿತು. ರಾಣೆಬೆನ್ನೂರಿನ ತರಗತಿಯಲ್ಲಿ ಪಾಠ ಮಾಡುತ್ತಲೇ ನಾನು ಕಿಟಕಿಯಾಚೆ ನೋಡುತ್ತಿದ್ದೆ. ವಿದ್ಯಾರ್ಥಿನಿಯರು ನನ್ನ ಬೆನ್ನ ಹಿಂದೆ ನಗುತ್ತಿದ್ದುದೂ ಗೊತ್ತಿತ್ತು. ಬಿತ್ತಿದವರು ಆಕಾಶ ನೋಡುವುದಕ್ಕೆ ಅರ್ಥವಿದೆ, ನಾನು ನೋಡುತ್ತಿದ್ದುದು ಒಂದು ಉಗುರಿನಷ್ಟು ಪ್ರಾಣಿ ಬಾಯಿಬಿಡಲಿ ಎಂದು. ರಾತ್ರಿ ನಿದ್ದೆ ಇಲ್ಲ, ಊಟ ರುಚಿಸುತ್ತಿರಲಿಲ್ಲ. ಅವ್ವ ಈಗ ಮೊಸರಿನ ಮಾತು ಎತ್ತುವುದನ್ನೂ ಬಿಟ್ಟಿದ್ದಳು.

ಸೆಪ್ಟೆಂಬರಿನಲ್ಲಿ, ಹುಬ್ಬಿ ಮಳೆ ಶುರುವಾದ ಮೇಲೆ, ಒಂದು ಶನಿವಾರ ಬೆಳಗಿನಿಂದ ಸುರಿಯಿತು. ಮೇಡಂಗೆ ಫೋನ್ ಮಾಡಿದೆ. ಅವರು ಮಧ್ಯಾಹ್ನದ ಹೊತ್ತಿಗೆ ಬ್ಯಾಡಗಿಗೆ ಬಂದೇಬಿಟ್ಟರು, ಸೀರೆಯ ಮೇಲೆ ರೇನ್‌ಕೋಟು, ಕಾಲಿಗೆ ರಬ್ಬರ್ ಬೂಟು. ಊಟಕ್ಕೆ ಕುಳಿತಾಗ ಅವ್ವ ರೊಟ್ಟಿ ಬಡಿಸುತ್ತ, "ಇಷ್ಟ ದೂರದಿಂದ ಕಪ್ಪಿ ನೋಡಾಕ ಬಂದ್ರೇನ್ರಿ?" ಎಂದು ಕೇಳಿದಳು. ಮೇಡಂ, "ನಿಮ್ಮ ಮಗಳನ್ನ ನೋಡೋಕೆ ಬಂದೆ. ಇವತ್ತು ಆಗಲಿಲ್ಲ ಅಂದ್ರೆ ಇನ್ನು ಬರೋ ಕೆಲಸ ಇರಲ್ಲ" ಅಂದರು. ನಗುತ್ತಲೇ ಅಂದರು. ನಾನು ಉಳಿದ ಅರ್ಧ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿದೆ.

ಸಂಜೆ ಐದಕ್ಕೆಲ್ಲ ಹೊಂಡದ ದಂಡೆಯಲ್ಲಿದ್ದೆವು. ಮಳೆ ಜಿನುಗಿಗೆ ಇಳಿದಿತ್ತು, ಇನ್ನೂ ಬೆಳಕಿತ್ತು. ಟರ್ರ್ ಟರ್ರ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಮ್ಮೆದುರಿನ ಹುಲ್ಲಿನ ಕಡೆಯಿಂದ ಆ ಚೂಪು ದನಿಯೂ ಎದ್ದಿತು. ಮೇಡಂ ಕಿವಿ ನಿಮಿರಿಸಿದರು. ಹೊರಡುವ ಮುಂಚೆ ಕಾಕಾನಿಗೆ ಹೇಳಿದ್ದೆ: "ಕಾಕಾ, ಜಗಳ ಬ್ಯಾಡ. ಎಷ್ಟು ದನಿ ಅಂತ ಕೇಳಂಗಿಲ್ಲ. ನಿಮ್ಮ ಕಣ್ಣು ಅಷ್ಟ ಬೇಕು. ನಾ ಕೈ ಮಾಡಿದ ಜಾಗಾದಾಗ ಕಪ್ಪಿ ಹುಡುಕಿ, ಗಂಟಲ ಉಬ್ಬಿದಾಗೆಲ್ಲ ಬೆರಳೆತ್ತರಿ. ಮಾತಾಡಬ್ಯಾಡ್ರಿ."

ಅವನು ನಾನು ಕೈ ಮಾಡಿದ ಕಡೆ ಗೋಣಿಚೀಲ ಹಾಸಿಕೊಂಡು ಕೆಸರಿನ ಮೇಲೆ ಬೋರಲು ಮಲಗಿದ. ತೋಳಿನಷ್ಟು ದೂರದ ಹುಲ್ಲನ್ನು ಎಳೆ ಎಳೆಯಾಗಿ ನೋಡುತ್ತ ಹೋದ. ದನಿ ನಿಂತಿತ್ತು. ನಾವು ಮೂವರೂ ಅಲುಗಾಡಲಿಲ್ಲ. ಬೆನ್ನಿನೊಳಗೆ ನೀರು ಇಳಿಯುತ್ತಿತ್ತು, ಮೊಣಕಾಲು ಮರಗಟ್ಟಿತ್ತು, ಬೆಳಕು ಕ್ಷಣ ಕ್ಷಣಕ್ಕೂ ಕಡಿಮೆಯಾಗುತ್ತಿತ್ತು. ಕತ್ತಲಾದರೆ ಬ್ಯಾಟರಿ ಹಾಕಬೇಕು, ಬ್ಯಾಟರಿ ಹಾಕಿದರೆ ಅದು ಕೂಗುವುದಿಲ್ಲ. ಕಾಕಾನ ತಲೆ ಒಂದು ಕಡೆ ನಿಂತಿತು. ಗೊರಸಿನ ಕುಳಿಯ ಅಂಚಿನಲ್ಲಿ, ಬಾಗಿದ ಹುಲ್ಲಿನ ಅಡಿಯಲ್ಲಿ ಅವನಿಗೆ ಏನೋ ಕಂಡಿತ್ತು. ನಮ್ಮ ಕಡೆಯಿಂದ ಏನೂ ಕಾಣುತ್ತಿರಲಿಲ್ಲ. ಮೇಡಂ ಫೋನಿನ ಕ್ಯಾಮೆರಾ ಅತ್ತ ತಿರುಗಿಸಿದರು, ಅದರಲ್ಲಿ ಕಂಡದ್ದು ಕಾಕಾನ ಕೈ ಮಾತ್ರ.

ದನಿ ಬಂತು. ಅದೇ ಕ್ಷಣಕ್ಕೆ ಕಾಕಾನ ಬೆರಳು ಮೇಲೆದ್ದಿತು. ದನಿ ನಿಂತಿತು, ಬೆರಳು ಇಳಿಯಿತು. ಮತ್ತೆ ದನಿ, ಮತ್ತೆ ಬೆರಳು. ಮೂರು ಸಲ ಲಗುಲಗೂ ಕೂಗಿ ಒಂದಿಷ್ಟು ಬಿಡುವು ಕೊಟ್ಟಿತು, ಬೆರಳೂ ಹಾಗೆಯೇ ಆಡಿ ಬಿಡುವು ಕೊಟ್ಟಿತು. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು, ಬಿಡಲಿಲ್ಲ.

ಆಗ ಕಾಕಾ ತಲೆ ಹೊರಳಿಸಿ, ಪಿಸುಗುಟ್ಟುವ ದನಿಯಲ್ಲಿ, ಬೇಸರದಿಂದ ಹೇಳಿದ: "ಇದು ಬಿಡವ್ವ, ಮೂಕ ಐತಿ. ಗಂಟಲ ಅಷ್ಟ ಉಬ್ಬಸತೈತಿ, ದನಿನ ಇಲ್ಲ."

ಅವನಿಂದ ತೋಳಿನಷ್ಟು ದೂರದಲ್ಲೇ ಆ ಕಪ್ಪೆ ಕಿವಿ ಚುಚ್ಚುವಂತೆ ಕೂಗುತ್ತಲೇ ಇತ್ತು.

ಮೇಡಂ ನನ್ನ ಮುಖ ನೋಡಿದರು. ನಾನು ಅವರನ್ನು ನೋಡಿದೆ. ಬೂಸ್ಟು ಹಿಡಿದ ಮಾಲು, ಪೇಟೆಯ ಗುಸುಗುಸು, 'ಒಂದ ದನಿ ಐತಿ' ಎಂದು ಅವನು ಹಟ ಹಿಡಿದದ್ದು, ಎಲ್ಲ ಒಟ್ಟಿಗೆ ತಲೆಗೆ ಬಂತು. ಗೆದ್ದಿದ್ದೆ, ಆದರೆ ಗೆದ್ದ ಖುಷಿ ಒಂದು ಚೂರೂ ಬರಲಿಲ್ಲ. ಮೇಡಂ ಬಾಯಿ ತೆರೆದರು, ನಾನು ಬೇಡ ಎಂದು ತಲೆಯಾಡಿಸಿದೆ. ಕಪ್ಪೆಯನ್ನು ಕಾಕಾನೇ ಬೊಗಸೆಯಲ್ಲಿ ಹಿಡಿದುಕೊಟ್ಟ. ಮೇಡಂ ಭೂತಗನ್ನಡಿಯಲ್ಲಿ ನೋಡಿ, "ಬೆರಳ ತುದಿ ಸ್ವಲ್ಪ ಅಗಲ ಇದೆ, ಅಲ್ವಾ" ಅಂದರು. ಅಷ್ಟೇ ಅಂದರು. ನಮ್ಮ ಮೌನವನ್ನು ಕಾಕಾ ಬೇರೆಯೇ ಅರ್ಥ ಮಾಡಿಕೊಂಡ. ಗಾಡಿ ಒದೆಯುವ ಮುಂಚೆ ನನ್ನ ಹೆಗಲ ಮೇಲಿನ ಕೆಸರು ಒರೆಸಿ, "ಇರಲಿ ಬಿಡವ್ವ. ನಿನ್ನ ಶ್ರಮ ದೇವರು ನೋಡ್ಯಾನ" ಎಂದು ಸಮಾಧಾನ ಹೇಳಿದ. ನನಗೆ ಅಳು ಬಂತು. ಅದನ್ನೂ ಅವನು ಬೇರೆಯೇ ಅರ್ಥ ಮಾಡಿಕೊಂಡ.

ಬಸ್ ಹತ್ತುವಾಗ ಮೇಡಂ ಹೇಳಿದರು: "ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ ಶೈಲಾ. ದನಿ ಕೇಳಿಸಿಕೊಂಡು ಬೆರಳೆತ್ತಿದ ಅಂತ ಯಾರೂ ಅನ್ನೋ ಹಾಗಿಲ್ಲ. ಆದ್ರೆ ಹಾಗಂತ ಬರೀಬೇಕಾಗುತ್ತೆ, ಇಂಥ ಚೂಪು ದನಿ ಅವರಿಗೆ ಕೇಳಿಸೋದಿಲ್ಲ ಅಂತ. ಅವರ ಒಪ್ಪಿಗೆ ಇಲ್ಲದೆ ಬರೀಬೇಡಿ."

ಒಪ್ಪಿಗೆ ಕೇಳುವುದು ಹೇಗೆ? ಕಿವಿಯಿಂದ ಅನ್ನ ಉಣ್ಣುವವನಿಗೆ, ನಿನ್ನ ಕಿವಿ ಹೋಗಿದೆ, ಅದನ್ನು ನನ್ನ ಡಿಗ್ರಿಗೆ ಕೊಡು ಅನ್ನಬೇಕಿತ್ತು. ಮೇಡಂ ಕಳಿಸಿದ ವಿಡಿಯೋ ನನ್ನ ಫೋನಿನಲ್ಲಿತ್ತು. ಬರೆಯದೇ ಬಿಟ್ಟರಾಯಿತು, ಇನ್ನೊಂದು ಮಳೆಗೆ ಕಾದರಾಯಿತು ಎಂದುಕೊಂಡೆ. ಆಕಾಶ ಅದಾಗಲೇ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು.

ಮರುದಿನ ಬೆಳಿಗ್ಗೆ ಕಾಕಾ ಚಹಾ ಕುಡಿಯಲು ಬಂದ. "ನನ್ನ ಫೋಟೋ ಹೊಡದ್ರಂತಲ್ಲ ನಿಮ್ಮ ಮೇಡಮ್ಮಾರು, ತೋರಸು" ಅಂದ. ತಪ್ಪಿಸಿಕೊಳ್ಳಲು ಆಗಲಿಲ್ಲ. ಪರದೆಯ ಮೇಲೆ ಅವನ ಬೆರಳು ಏಳುವುದು, ಇಳಿಯುವುದು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಸಪ್ಪಳ ಹೆಚ್ಚ ಮಾಡು."

ಮಾಡಿದೆ.

"ಇನ್ನೂ ಮಾಡು. ಟರ್ರ್ ಅನ್ನೂದು ಅಷ್ಟ ಬರಾಕತ್ತೈತಿ."

ಪೂರ್ತಿ ಏರಿಸಿದೆ. ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನದು ಕಿರ್ ಕಿರ್ ಅಂತ, ತಲಿ ಒಡದ ಹೋಗಾಕತ್ತೈತಿ. ಬಂದ್ ಮಾಡ್ರಿ" ಅಂದಳು.

ಕಾಕಾ ಅವಳನ್ನು ನೋಡಿದ. ಆಮೇಲೆ ಪರದೆಯನ್ನು ನೋಡಿದ, ತನ್ನದೇ ಬೆರಳು ಆಡುತ್ತಿತ್ತು. ಆಮೇಲೆ ನನ್ನನ್ನು. ನಾನು ತಲೆ ತಗ್ಗಿಸಿದೆ. ಅವನು ಎದ್ದು ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಒಣ ಮೆಣಸಿನಕಾಯಿ ತಂದ. ತನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಬಳಿಕ ಅವ್ವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ವೈನಿ, ಬೀಜದ ಸಪ್ಪಳ ಆಗತೈತೇನು?"

"ಗಲಗಲ ಅಂತೈತಲ್ಲೋ. ಯಾಕ?"

ಅವನು ಕಾಯಿಗಳನ್ನು ತಾಟಿನಲ್ಲಿಟ್ಟು ಕುಳಿತ. ಚಹಾ ಆರಿತು. ಅವನ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕಾಯಿ ಕೈಗೆ ಒಣಗಿದಂಗ ಹತ್ತತಿತ್ತು, ಬಣ್ಣ ಚಲೋ ಇತ್ತು. ಸಪ್ಪಳ ಐತಿ ಅಂತ ನಾನ ತಿಳಕೊಂಡಿದ್ನಿ" ಅಂದ. ಆಗ ನಾನು ಮೇಡಂ ಹೇಳಿದ್ದೆಲ್ಲ ಹೇಳಿದೆ. ನನ್ನ ಕೆಲಸ ಅದರ ಮೇಲೆ ನಿಂತಿದೆ ಎಂದೂ, ಅವನು ಬೇಡ ಅಂದರೆ ಬರೆಯುವುದಿಲ್ಲ ಎಂದೂ ಹೇಳಿದೆ.

"ಹೆಸರ ಹಾಕಿ ಬರಿ" ಅಂದ ಕಾಕಾ. "ಬರದದ್ದರದು ಒಂದು ಪ್ರತಿ ನನಗ ಕೊಡು, ಸಾವಕಾರ್ರಿಗೆ ತೋರಸ್ತೇನಿ. ಫಕೀರಪ್ಪ ಕಳ್ಳ ಅದಾನ ಅನ್ನೂದಕ್ಕಿಂತ ಕಿವುಡ ಅದಾನ ಅನ್ನೂದು ಚಲೋ."

ಬರೆದೆ. ಯಾವ ಕಪ್ಪೆಯದು ಯಾವ ದನಿ ಎಂದು ಗೊತ್ತಾದ ಮೇಲೆ ಅವುಗಳ ಕಾಲಿನ ಚೂರು ಪ್ರಯೋಗಾಲಯಕ್ಕೆ ಹೋಗಿ, ಎರಡೂ ಬೇರೆಯೇ ಎಂದು ಬಂತು, ನನ್ನ ಡಿಗ್ರಿಯೂ ಬಂತು. ಕಾಕಾ ಸಾವಕಾರರ ಮುಂದೆ ಕಾಗದ ಇಟ್ಟು ತಾನೇ ಬಾಯಿಬಿಟ್ಟು ಹೇಳಿದ. ಈಗ ಅವನು ಬಣ್ಣ ನೋಡುತ್ತಾನೆ, ಅಲ್ಲಾಡಿಸುವ ಕೆಲಸ ಬೇರೆಯವರದು. ಪೇಟೆಯಲ್ಲಿ ಕೆಲವರು ಅವನನ್ನು ಕಿವುಡ ಫಕೀರಪ್ಪ ಎಂದೇ ಕರೆಯುತ್ತಾರೆ. ಕಿವಿಗೆ ಹಾಕುವ ಮಶೀನು ತಂದುಕೊಟ್ಟಿದ್ದೇವೆ. ಅದರಲ್ಲಿ ಮಂದಿಯ ಮಾತು ಬಹಳ ಕೇಳಿಸುತ್ತದೆ ಎಂದು ಡಬ್ಬಿಯಲ್ಲೇ ಇಟ್ಟಿದ್ದಾನೆ.

ಕದರಮಂಡಲಗಿಯಿಂದ ಬಂದ ಸಂಜೆ ಅವನ ಮನೆಗೆ ಪ್ರಸಾದ ಕೊಡಲು ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ. ಅವನ ಮುಖದ ಎದುರು ನಿಂತು, ಹೊಂಡದಲ್ಲಿ ಕೂಗು ಶುರುವಾಗಿದೆ ಎಂದು ಜೋರಾಗಿ ಹೇಳಿದೆ.

"ಯಾವುದು, ಟರ್ರ್ ಅನ್ನೂದೋ, ಮೂಕೋ?"

"ಮೂಕ."

ಕಾಕಾ ತೊಡೆಯ ಮೇಲಿದ್ದ ಬೆರಳನ್ನು ಎತ್ತಿದ, ಇಳಿಸಿದ, ಎತ್ತಿದ. "ಹಿಂಗ?"

"ಇನ್ನ ಸ್ವಲ್ಪ ಲಗೂ."

ಬೆರಳು ಲಗುಲಗೂ ಮೂರು ಸಲ ಆಡಿ ನಿಂತಿತು, ಬಿಡುವು ಕೊಟ್ಟು ಮತ್ತೆ ಆಡಿತು. ಹೌದು, ಹಂಗ ಎಂದು ನಾನು ತಲೆಯಾಡಿಸಿದೆ.